ಒಂದೇ ಗೋಡೆಯ ಮೇಲೆ ಇಡೀ ಊರು

"ಕೇಳ್ರಪ್ಪೋ ಕೇಳ್ರಿ! ಹೊನ್ನಗೋಟೆಯ ವೀರಮಲ್ಲ ದೊರೆಗಳ ಅಪ್ಪಣೆ! ದೊರೆಗಳ ಕಣ್ಣಿಗೆ ಪೊರೆ ಕವಿದಿದೆ. ಹತ್ತು ಹೆಜ್ಜೆಯಾಚೆ ಎಲ್ಲ ಮಂಜು. ಬರುವ ಅಮಾವಾಸ್ಯೆಗೆ ಅದೂ ಇಲ್ಲವೆಂದು ವೈದ್ಯರು ಕೈಚೆಲ್ಲಿದ್ದಾರೆ. ಅಷ್ಟರೊಳಗೆ, ಅರಮನೆಯ ಉಪ್ಪರಿಗೆಯಿಂದ ಕಾಣುವ ಊರನ್ನು ಓಲಗದ ಗೋಡೆಯ ಮೇಲೆ ಬರೆದು ತೋರಿಸುವವರು ಬೇಕು! ಬರುವವರು ಮೊದಲು ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಉಂಟು, ತಪ್ಪಿದವರಿಗೆ ತಲೆದಂಡ!"

ಡಂಗುರದವನು ಬಣ್ಣಗಾರರ ಕೇರಿ ದಾಟಿ ಹೋದ. ಸೀರೆಗೆ ಅಚ್ಚು ಒತ್ತುತ್ತಿದ್ದ ಮಾಳಿಂಗನ ಕೈ ಅಲ್ಲೇ ನಿಂತಿತು.

ಪದ್ಮಲೆ ಕಟುಕಿಯೇನಲ್ಲ, ಸ್ವಾಮಿ. ಅವಳ ಹೊಟ್ಟೆ ಉರಿಸಿದವನು ಆಸ್ಥಾನದ ಚಿತ್ರಗಾರ ತಿಪ್ಪಾಚಾರಿ. ಬರೆದದ್ದು ಪೂರ್ಣವಾಗಿರಬೇಕು ಎಂಬುದು ಅವನ ಮನೆತನದ ಕಟ್ಟಳೆ. ಕಣಜ ಬರೆಯಬೇಕೇ? ಮೊದಲು ಒಳಗಿನ ಜೋಳವನ್ನು ಕಾಳು ಕಾಳಾಗಿ ಬರೆಯುವುದು, ಆಮೇಲೆ ಅದರ ಮೇಲೆ ಗೋಡೆ ಬರೆದು ಮುಚ್ಚುವುದು! ಮೂರು ತಿಂಗಳಿಗೆ ಒಂದು ಬೀದಿ ಮುಗಿದಿತ್ತು. ಅಮಾವಾಸ್ಯೆಗೆ ಉಳಿದದ್ದು ಹದಿಮೂರೇ ದಿನ. ಅಪ್ಪನ ಕೊನೆಯ ಬೆಳಕನ್ನು ಇನ್ನೊಬ್ಬ ಹೀಗೆ ತಿಂದುಹಾಕಬಾರದೆಂದು ಆ ಹುಡುಗಿ ಶಿಕ್ಷೆಯ ಮಾತು ಆಡಿದ್ದಳು.

"ನಾನು ಹೋಗ್ತೀನಕ್ಕಾ," ಅಂದ ಮಾಳಿಂಗ.

ಅಕ್ಕ ದ್ಯಾವಕ್ಕ ಬಣ್ಣದ ಬೋಗುಣಿ ಕುಕ್ಕಿದಳು. "ನಿನಗ್ಯಾಕೋ ಇಲ್ಲದ ಉಸಾಬರಿ? ತಲೆ ಹೋದ್ರೆ ನನಗ್ಯಾರೋ ಗತಿ?"

"ಊರನ್ನ ಇನ್ನೊಂದು ಸಲ ನೋಡಬೇಕು ಅಂತಾರಲ್ಲಕ್ಕಾ. ಕೇಳಿ ಸುಮ್ನೆ ಕೂರೋಕಾಗ್ತಿಲ್ಲ."

ದ್ಯಾವಕ್ಕ ಬೈಯುತ್ತಲೇ ಅವನ ಒಗೆದ ಪಂಚೆ ತೆಗೆದುಕೊಟ್ಟಳು.

ಓಲಗ ಕಿಕ್ಕಿರಿದಿತ್ತು. ದೊರೆ ಗದ್ದುಗೆಯ ಮೇಲೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಪದ್ಮಲೆ ಎದ್ದು ಮೊದಲ ಒಗಟು ಹೇಳಿದಳು: "ಅದು ಇದೆ, ಇಲ್ಲವೆನ್ನುವಂತಿಲ್ಲ. ಆದರೆ ಬರೆದರೆ ದಿನ ಹಾಳು, ಬಿಟ್ಟರೆ ಯಾರೂ ಕೇಳುವುದಿಲ್ಲ. ಯಾವುದದು?"

ದೂರದ ಪಂಡಿತನೊಬ್ಬ ಗಂಟಲು ಸರಿಮಾಡಿಕೊಂಡು "ಪರಬ್ರಹ್ಮ!" ಎಂದ. ಪದ್ಮಲೆ ತಲೆಯಾಡಿಸಿದಳು, ಭಟರು ಅವನ ರಟ್ಟೆ ಹಿಡಿದರು. ತಿಪ್ಪಾಚಾರಿ ಮುಂದೆ ಬಂದು, "ಬಿಡಬಹುದಾದದ್ದು ಲೋಕದಲ್ಲಿ ಏನೂ ಇಲ್ಲ ತಾಯಿ, ಒಗಟೇ ತಪ್ಪು!" ಎಂದು ಗುಡುಗಿದ. ಅವನನ್ನೂ ಸೆರೆಮನೆಗೆ ನಡೆಸಿದರು. ಸಂಜೆಯೊಳಗೆ ಇನ್ನೂ ಒಂಬತ್ತು ಮಂದಿ ಚಿತ್ರಗಾರರು ಅದೇ ದಾರಿ ಹಿಡಿದರು. ತಲೆದಂಡಕ್ಕೆ ಮರುದಿನದ ಬೆಳಗು ನಿಗದಿಯಾಯಿತು.

ಮಾಳಿಂಗ ಪಂಚೆ ಬಿಗಿದುಕೊಂಡ. ಮುಂದೆ ಬಂದ.

"ಮುಚ್ಚಿದ ಬಾಗಿಲ ಹಿಂದಿನದು, ಅವ್ವಾ. ಕಣಜದೊಳಗಿನ ಜೋಳ, ಎದುರಿಗೆ ನಿಂತ ಆನೆಯ ಆಚೆ ಮಗ್ಗುಲು. ಇರೋದು ನಿಜ, ಆದ್ರೆ ಏನೋ ಅಡ್ಡ ಬಂದು ಮರೆಯಾಗಿರೋದನ್ನ ಯಾಕೆ ಬರೀಬೇಕು?"

ಪದ್ಮಲೆ ಇವನನ್ನು ಈಗ ಸರಿಯಾಗಿ ನೋಡಿದಳು. ಎರಡನೆಯದನ್ನು ಕೇಳಿದಳು: "ಹತ್ತಿರ ಹೋದವನಿಗೆ ಸಾವಿರ ಕೈ ಬೀಸುತ್ತಾಳೆ. ದೂರ ಸರಿದವನಿಗೆ ಒಂದು ಚುಕ್ಕೆಯಾಗಿ ಕೂರುತ್ತಾಳೆ. ಅವಳು ಬದಲಾಗಿಲ್ಲ. ಯಾರವಳು?"

ಕಂಬದ ಬಳಿಯಿದ್ದ ಪರದೇಶದ ರಾಜಕುಮಾರ ಕರೆಯದೆ ನುಗ್ಗಿ "ನರ್ತಕಿ!" ಎಂದುಬಿಟ್ಟ. ಅಯ್ಯೋ, ಆ ಅವಸರವೇ! ಅವನೂ ಒಳಗೆ ಹೋದ.

"ಮರ," ಅಂದ ಮಾಳಿಂಗ. "ಅಂಗಳದ ಬೇವಿಗೆ ಎಲೆ ಎಲೆ ಬರೀಬೇಕು. ಗುಡ್ಡದ ಮೇಲಿನ ಬೇವಿಗೆ ಒಂದು ಹಸಿರು ಬೊಟ್ಟು ಸಾಕು. ಅಲ್ಲೂ ಎಲೆ ಬರೆದ್ರೆ ಬೆರಳು ಸವೆಯುತ್ತೆ, ಕಣ್ಣಿಗೆ ಸಿಗೋದು ಅದೇ ಬೊಟ್ಟು."

ಓಲಗದಲ್ಲಿ ಭಲೇ ಎಂಬ ಸದ್ದು ಎದ್ದಿತು. ಆದರೆ ಪದ್ಮಲೆಯ ದನಿ ಈಗ ಸಣ್ಣಗಾಗಿತ್ತು.

"ಊರಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಅದು ಚಿತ್ರದೊಳಗೆ ಬಂತೋ, ಚಿತ್ರ ಸುಳ್ಳಾಯಿತು. ಯಾವುದದು?"

ಮಾಳಿಂಗನಿಗೆ ಉತ್ತರ ಹೊಳೆಯಿತು. ಇದನ್ನು ಹೇಳುವುದು ಯಾರ ಮುಂದೆ! ಅಕ್ಕನ ಮುಖ ನೆನಪಾಯಿತು. ಕಣ್ಣು ಮುಚ್ಚಿ ಹೇಳಿಬಿಟ್ಟ.

"ತಮ್ಮ ಅರಮನೆ, ಬುದ್ಧಿ."

ಮಂತ್ರಿಗಳು ಹೌಹಾರಿದರು. ದೊರೆ ಮುಂದಕ್ಕೆ ಬಾಗಿ, "ನನ್ನ ಅರಮನೆಯನ್ನೇ ಬಿಡುತ್ತೀಯೇನೋ? ಯಾಕೆ?" ಎಂದರು.

"ತಾವು ನಿಂತು ನೋಡೋದೇ ಅದರ ಮೇಲಿಂದ ಅಲ್ವೇ? ನಿಂತ ಜಾಗ ನಿಂತವರ ನೋಟಕ್ಕೆ ಬರಲ್ಲ, ಬೆನ್ನ ಹಿಂದಿನ ಕೇರಿಗಳೂ ಬರಲ್ಲ. ಎದುರಿಗೆ ಕಂಡಷ್ಟನ್ನೇ ಬರೆದ್ರೆ ಅರ್ಧ ಊರಿನ ಕೆಲಸ ಉಳಿಯುತ್ತೆ, ಬುದ್ಧಿ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ನ ಕಾಲದ ಚಿತ್ರಗಾರರೆಲ್ಲ ಮೊದಲು ಅರಮನೆ ಬರೆದು ನನ್ನನ್ನು ಮೆಚ್ಚಿಸಿದರು. ನನ್ನ ಕಣ್ಣಲ್ಲಿ ನಿಂತು ನೋಡಿದವನು ನೀನೊಬ್ಬ. ಕೇಳು, ಏನು ಬೇಕು?"

"ಸೆರೆಯಲ್ಲಿರೋರನ್ನೆಲ್ಲ ಬಿಟ್ಟುಕೊಡಿ. ಗೋಡೆ ದೊಡ್ಡದು, ಕೈ ಬೇಕು."

ಆಮೇಲಿನ ಕೆಲಸದ ಚೆಂದ ಏನು ಹೇಳಲಿ! ಮಾಳಿಂಗ ಸೀರೆಗೆ ಅಚ್ಚು ಕೆತ್ತುವ ಹಾಗೇ ಮನೆಗೂ ಮರದ ಅಚ್ಚು ಕೆತ್ತಿದ, ಮೂರೇ ಮೂರು. ಹತ್ತಿರದ ಮನೆಗೆ ಅಂಗೈಯಗಲದ್ದು, ಬಾಗಿಲು ಕಿಟಕಿ ಸಮೇತ. ನಡುವಿನದಕ್ಕೆ ಬೆರಳುದ್ದದ್ದು. ದೂರದ್ದಕ್ಕೆ ಬೇಳೆಯಷ್ಟರದ್ದು. ಕೆತ್ತಿದ್ದು ಒಂದೇ ಸಲ, ಒತ್ತಿದ್ದು ನಾಲ್ಕು ಸಾವಿರ ಸಲ, ಒಮ್ಮೆ ಕಾವಿ, ಒಮ್ಮೆ ಸುಣ್ಣ, ಒಮ್ಮೆ ಅರಿಸಿನ. ಪಂಡಿತನೂ ರಾಜಕುಮಾರನೂ ಮೊಣಕೈವರೆಗೆ ಬಣ್ಣ ಬಳಿದುಕೊಂಡು ಒತ್ತಿದರು. ತಿಪ್ಪಾಚಾರಿ ಎರಡು ದಿನ ಮುಖ ಊದಿಸಿಕೊಂಡಿದ್ದ. ಅಂಗಳದ ಬೇವನ್ನು ಮಾಳಿಂಗ ಅವನಿಗೇ ಒಪ್ಪಿಸಿದ. ಎಲೆ ಎಲೆಯಾಗಿ ಅವನು ಬರೆದ ಆ ಮರ ನೋಡಿದರೆ ಗಾಳಿ ಬೀಸಿದ ಹಾಗಾಗುತ್ತಿತ್ತು.

ಹತ್ತನೆಯ ದಿನ ಊರು ಮುಗಿಯಿತು. ಮಗಳು ಕೈಹಿಡಿದು ಕರೆತಂದಾಗ ದೊರೆ ಗೋಡೆಯ ಮುಂದೆ ನಿಂತರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಲಿಲ್ಲ. ಉಳಿದ ಮೂರು ದಿನವೂ ಊಟ ಅಲ್ಲೇ, ನಿದ್ದೆ ಅಲ್ಲೇ, ಬೆರಳು ಗೋಡೆಯ ಮೇಲೇ.

ಮಾಳಿಂಗನಿಗೆ ಚಿತ್ರಶಾಲೆಯ ಯಜಮಾನಿಕೆ ಸಿಕ್ಕಿತು. ದ್ಯಾವಕ್ಕನಿಗೆ ಅರಮನೆಯ ಬಣ್ಣದ ಉಗ್ರಾಣವೇ ಸಿಕ್ಕಿತು, ಅವಳ ಬೈಗುಳವೂ ಅಲ್ಲಿಗೇ ಬಂತು. ಪದ್ಮಲೆ ಅವನನ್ನು ಮದುವೆಯಾದಳೇ ಎಂದು ಕೇಳುವವರಿಗೆ ನಾನು ಹೇಳುವುದಿಲ್ಲ.

ಅಮಾವಾಸ್ಯೆ ಬಂತು, ದೊರೆಯ ಕಣ್ಣು ಪೂರ್ತಿ ಹೋಯಿತು. ಮರುದಿನ ಪಕ್ಕದ ರಾಜ್ಯದ ದೂತರು ಬಂದಾಗ ದೊರೆಯೇ ಎದ್ದು ಗೋಡೆಯ ಹತ್ತಿರ ಹೋಗಿ ಬೆರಳಿಟ್ಟರು. "ಇದು ಕುಂಬಾರಗೇರಿ. ಇದು ಕೆರೆ ಏರಿ. ಇದೋ, ಈ ಕಾವಿ ಬಣ್ಣದ್ದು ಬಣ್ಣಗಾರರ ಮನೆ." ಮಾಳಿಂಗ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಬೆರಳು ಒಂದು ಮನೆಯನ್ನೂ ತಪ್ಪಲಿಲ್ಲ.