ಕೆರೆ ಏರಿಯ ಮೇಲೆ ಕೈಬಿಟ್ಟ ಸ್ಟೇರಿಂಗ್

ಕಲ್ಲು ಕ್ವಾರಿಯ ದೊಡ್ಡಸ್ವಾಮಿಗೌಡರಿಗೆ ತಮ್ಮ ಫೋರ್ ವೀಲ್ ಡ್ರೈವ್ ಜೀಪೆಂದರೆ ಪ್ರಾಣ. ಅದರ ಮುಂದಿನ ಎರಡೂ ಟೈರು ಒಳಮಗ್ಗುಲಲ್ಲೇ ಸವೆದು ನುಣ್ಣಗಾಗಿದ್ದವು. ಬಂಡೆ ಹತ್ತಿಳಿದು ಚಕ್ರ ಓರೆಯಾಗಿದೆ, ಗಾಡಿ ಎಡಕ್ಕೆ ಎಳೆಯುತ್ತದೆ, ಅಲೈನ್‌ಮೆಂಟ್ ಮಾಡಿಸೋಣ ಎಂದು ಡ್ರೈವರ್ ಚಿಕ್ಕಲಿಂಗ ಬಾಯಿಬಿಟ್ಟಿದ್ದೇ ತಡ, ಗೌಡರು ಕೆಂಡಾಮಂಡಲವಾದರು.

"ನನ್ನ ಗಾಡಿ ನೆಟ್ಟಗೈತೆ. ನಿನ್ನ ಕೈಯೇ ಸೊಟ್ಟ. ಮನೆಗೆ ಬಿಟ್ಟು ಕೀಲಿ ಕೊಟ್ಟು ಹೋಗು. ನಾಳೆಯಿಂದ ಬರಬೇಡ."

ಚಿಕ್ಕಲಿಂಗ ಗೌಡರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ದಾರಿ ಇದ್ದದ್ದು ಕೆರೆ ಏರಿಯ ಮೇಲೆ. ಎಡಕ್ಕೆ ತುಂಬಿದ ಕೆರೆ, ತಡೆಗೋಡೆ ಇಲ್ಲ. ನಡು ಏರಿಗೆ ಬಂದಾಗ ಅವನು ವೇಗ ತಗ್ಗಿಸಿದ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಸ್ಟೇರಿಂಗ್ ಬಿಟ್ಟು ಎರಡೂ ಕೈ ಕಟ್ಟಿ ಕೂತ.

"ಏಯ್! ಏನ್ಲಾ ಇದು?"

"ಸೊಟ್ಟ ಕೈ ತೆಗೆದೆ ಗೌಡ್ರೇ. ಇನ್ನು ಗಾಡಿ ನೆಟ್ಟಗೆ ಹೋಗ್ತದೆ."

ಜೀಪು ಮೆಲ್ಲಗೆ ಎಡಕ್ಕೆ ಎಳೆಯಿತು. ಏರಿಯಂಚಿನ ಹುಲ್ಲು ಟೈರಿನಡಿ ಸರಸರ ಎಂದಿತು. ಗೌಡರ ಕಿಟಕಿಯ ತುಂಬ ಬರೀ ನೀರು.

"ಹಿಡಿಯೋ! ಸ್ಟೇರಿಂಗ್ ಹಿಡಿಯೋ!"

"ಯಾರ ಕೈಲಿ ಗೌಡ್ರೇ?"

"ನಿನ್ನ ಕೈಲೇ ಕಣಪ್ಪಾ!"

ಚಿಕ್ಕಲಿಂಗ ಸ್ಟೇರಿಂಗ್ ಹಿಡಿದು ಬಲಕ್ಕೆ ತಿರುಗಿಸಿದ. ಮನೆ ಮುಂದೆ ಗಾಡಿ ನಿಲ್ಲಿಸಿ ಕೀಲಿ ತೆಗೆದ.

"ತಗೊಳಿ ಗೌಡ್ರೇ, ಕೀಲಿ."

ಗೌಡರ ಎರಡೂ ಕೈ ಇನ್ನೂ ಸೀಟಿನ ಮುಂದಿನ ಕಂಬಿಯನ್ನೇ ಕಚ್ಚಿ ಹಿಡಿದಿದ್ದವು.

"ನೀನೇ ಇಟ್ಕೊಳೋ. ಬೆಳಿಗ್ಗೆ ಚಕ್ರ ಸರಿ ಮಾಡಿಸ್ಕೊಂಡು ಬಾ," ಎಂದರು. "ಈಗ ಮೊದಲು ನನ್ನ ಕೈ ಬಿಡಿಸು."