ತಾಯಿ ಕಾಶಿಗೆ ಹೋದ ನಾಯಿಮರಿ

ಹಿರೇಕೋಡಿಯ ಪಾಳೆಯಗಾರ ಸರ್ಜಪ್ಪ ನಾಯಕರಿಗೆ ನಾಯಿಗಳ ಬಗ್ಗೆ ತಿಳಿಯದ ಸಂಗತಿಯೇ ಇರಲಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಉಳಿದವರು ಒಪ್ಪುತ್ತಿದ್ದರು, ಏಕೆಂದರೆ ಉಳಿದವರಿಗೆ ತಮ್ಮ ತಮ್ಮ ತಲೆಯ ಮೇಲೆ ಪ್ರೀತಿಯಿತ್ತು.

"ಜಾತಿನಾಯಿಯನ್ನು ನಾನು ಕಣ್ಣು ಮುಚ್ಚಿಕೊಂಡು ಆರಿಸಬಲ್ಲೆ," ಎಂದರು ನಾಯಕರು ಒಂದು ದಿನ ಸಭೆಯಲ್ಲಿ.

ಹಾಗೆಯೇ ಆರಿಸುತ್ತಿದ್ದರು ಎಂಬುದಕ್ಕೆ ಸಾಕ್ಷಿಯೂ ಇತ್ತು. ಆ ವರ್ಷ ಕೊಂಡ ಎರಡು ಬೇಟೆನಾಯಿ ಮರಿಗಳು ಅರಮನೆಗೆ ಬಂದ ಸ್ವಲ್ಪ ದಿನಕ್ಕೇ ಸತ್ತಿದ್ದವು. ತಂದುಕೊಟ್ಟವನು ಮುಕುಂದರಾಯ. ರೇಷ್ಮೆ ರುಮಾಲು ಸುತ್ತಿ, ಬೆಳ್ಳಿ ಬುಟ್ಟಿಯಲ್ಲಿ ಮರಿ ತರುವ ಮನುಷ್ಯನಿಂದ ತಪ್ಪಾಗುವುದುಂಟೇ? ಆದ್ದರಿಂದ ತಪ್ಪು ನಾಯಿ ನೋಡಿಕೊಳ್ಳುವ ಓಬಯ್ಯನದೇ ಎಂದು ತೀರ್ಮಾನವಾಗಿ, ಅವನು ಸೆರೆಯಲ್ಲಿದ್ದ.

"ಇವತ್ತು ಮೂರನೆಯ ಮರಿ ಬರುತ್ತದೆ," ಎಂದರು ನಾಯಕರು. "ಅದು ಬದುಕಿದರೆ, ಹಿಂದಿನವನ್ನು ಕೊಂದದ್ದು ಓಬಯ್ಯನೇ ಎಂದು ಸಾಬೀತಾಯಿತು. ಹೆಂಡತಿ ಮಕ್ಕಳ ಸಮೇತ ಗಡಿಪಾರು."

"ಸತ್ತರೆ, ಪ್ರಭು?" ಎಂದು ಕೇಳಿದವನು ಆಸ್ಥಾನದ ವಿದೂಷಕ ನಂಜರಸಯ್ಯ. ನಾಯಕರಿಗೆ ಪ್ರಶ್ನೆ ಕೇಳಿಯೂ ಕೆಲಸ ಉಳಿಸಿಕೊಂಡಿದ್ದವನು ಅವನೊಬ್ಬನೇ.

"ಸತ್ತರೆ ಅವನು ಸೆರೆಯಲ್ಲೇ ಕೂತು ಮಾಟ ಮಾಡಿಸಿದ್ದಾನೆ. ಆಗಲೂ ಗಡಿಪಾರು."

"ನ್ಯಾಯ ಎಂದರೆ ಹೀಗೆ ಎರಡೂ ಕಡೆ ಚೂಪಾಗಿರಬೇಕು," ಎಂದ ನಂಜರಸಯ್ಯ.

ಅಷ್ಟರಲ್ಲಿ ಮುಕುಂದರಾಯ ಬಂದ. ಮರಿಯ ಏಳು ತಲೆಮಾರಿನ ಹೆಸರನ್ನು ರಾಗವಾಗಿ ಹೇಳಿದ. ಮರಿ ಬುಟ್ಟಿಯಲ್ಲಿ ನಡುಗುತ್ತಿತ್ತು.

"ಇದರ ತಾಯಿಯನ್ನು ನೋಡಬಹುದೇ?" ಎಂದ ನಂಜರಸಯ್ಯ.

"ತಾಯಿ ಯಾತ್ರಿಕರ ಜೊತೆ ಕಾಶಿಗೆ ಹೋಗಿದೆ."

"ಹಿಂದಿನ ಮರಿಗಳ ತಾಯಂದಿರು?"

"ಅವೂ ಅಲ್ಲೇ."

"ದೈವಭಕ್ತಿ ಇರುವ ತಳಿ," ಎಂದು ನಾಯಕರು ಮೆಚ್ಚಿದರು.

"ಈಗಷ್ಟೇ ಕಣ್ಣು ಬಿಟ್ಟಂತಿದೆಯಲ್ಲ?" ಎಂದ ನಂಜರಸಯ್ಯ.

"ಇಷ್ಟು ಎಳೆಯದನ್ನು ತಂದರೆ ಸಾಕುವವರನ್ನೇ ತಾಯಿ ಎಂದುಕೊಳ್ಳುತ್ತದೆ, ಸ್ವಾಮಿ."

ನಾಯಕರು ತಾಯಿಯ ಗಾಂಭೀರ್ಯದಿಂದ ಮೀಸೆ ತಿರುವಿದರು.

"ಇದನ್ನು ಬುರುಜಿನ ಮೇಲೆ ಬಿಸಿಲಲ್ಲಿ ಕಟ್ಟುತ್ತೇವೆ," ಎಂದ ನಂಜರಸಯ್ಯ.

"ಬಿಸಿಲೆಂದರೆ ಈ ತಳಿಗೆ ಪ್ರಾಣ."

"ಊಟಕ್ಕೆ ಬರೀ ಮೆಣಸಿನಕಾಯಿ ಚಟ್ನಿ."

"ಇದರಜ್ಜ ಅದನ್ನೇ ತಿಂದು ಬೆಳೆದದ್ದು."

"ಕೊನೆಗೆ ಚಿರತೆ ಹಿಡಿಯುವ ಬೋನಿನಲ್ಲಿ ಇಡುತ್ತೇವೆ."

"ಅದಕ್ಕೆಂದೇ ಹೇಳಿಮಾಡಿಸಿದ ಮರಿ. ಇನ್ನೂ ಬೇಕಿದ್ದರೆ ನಾಳೆಯೇ ತರುತ್ತೇನೆ."

"ಎಂಥ ವಿನಯವಂತ," ಎಂದರು ನಾಯಕರು.

"ಹೌದು ಪ್ರಭು. ಕೊಳ್ಳುವ ಮೊದಲು ಗುಂಡ್ಲಹಟ್ಟಿಯಲ್ಲಿ ನಾಯಿ ಸಾಕುವ ಬೊಮ್ಮಕ್ಕನ ಮರಿಗಳನ್ನೂ ಒಮ್ಮೆ ನೋಡಿಬಿಡೋಣ. ಆದರೆ ವೇಷ ಮರೆಸಿಕೊಂಡು."

ವೇಷ ಮರೆಸುವುದೆಂದರೆ ನಾಯಕರಿಗೆ ಇಷ್ಟ. ದಾರಿಯುದ್ದಕ್ಕೂ ಜನ ಗುರುತಿಸಿ ಕೈಮುಗಿಯುವುದು ಇನ್ನೂ ಇಷ್ಟ. ಹೊರಟರು.

ಬೊಮ್ಮಕ್ಕನ ಅಂಗಳದಲ್ಲಿ ತಾಯಿನಾಯಿ ಮಲಗಿತ್ತು, ಸುತ್ತ ಮರಿಗಳು. ನಾಯಕರು ಒಂದನ್ನು ಎತ್ತಿಕೊಂಡರು.

"ಮನೇಲಿ ಇದನ್ನ ಯಾರು ನೋಡ್ಕೋತಾರೆ ಸ್ವಾಮಿ?" ಎಂದಳು ಬೊಮ್ಮಕ್ಕ.

"ಆಳುಗಳಿದ್ದಾರೆ."

"ಹಂಗಾದ್ರೆ ಆಳುಗಳನ್ನೇ ಕಳಿಸಬೇಕಿತ್ತು. ಮುಂಚೆ ನಾಯಿ ಸಾಕಿದ್ರಾ?"

"ಈ ವರ್ಷವೇ ಎರಡು."

"ಈಗೆಲ್ಲಿವೆ?"

ನಾಯಕರು ಆಕಾಶ ನೋಡಿದರು. ನಂಜರಸಯ್ಯ ಉತ್ತರಿಸಿದ. "ಸತ್ತವಮ್ಮ. ಕಣ್ಣು ಬಿಟ್ಟ ಕೂಡಲೇ ತಂದ ಮರಿಗಳು."

"ತಾಯಿ ಹಾಲು ಬಿಡಿಸಿ ತಂದ್ರೆ ಇನ್ನೇನಾಗುತ್ತೆ? ಆಮೇಲೆ ಯಾರನ್ನ ಬೈದ್ರಿ?"

"ಬೈಯಲಿಲ್ಲಮ್ಮ. ಸೆರೆಗೆ ಹಾಕಿದರು."

ಬೊಮ್ಮಕ್ಕ ನಾಯಕರ ಕೈಯಿಂದ ಮರಿಯನ್ನು ತೆಗೆದುಕೊಂಡಳು. "ಇವಕ್ಕಿನ್ನೂ ಎರಡು ತಿಂಗಳು ತುಂಬಿಲ್ಲ. ತುಂಬಿದ್ರೂ ನಿಮಗೆ ಕೊಡಲ್ಲ."

"ನಾನು ಯಾರು ಗೊತ್ತೇ? ಹಿರೇಕೋಡಿಯ ನಾಯಕ."

"ಹಂಗಾದ್ರೆ ಇನ್ನೂ ಕಷ್ಟ. ಬೇರೆಯವರಿಗಾದ್ರೆ, ಸಾಕೋಕಾಗದಿದ್ರೆ ಮರಿ ವಾಪಸ್ ತಂದ್ಕೊಡಿ ಅಂತ ಮಾತು ತಗೋತೀನಿ. ನೀವು ಮಾತು ತಪ್ಪಿದ್ರೆ ನಾನ್ಯಾರ ಹತ್ರ ದೂರು ಹೇಳ್ಲಿ?"

ಹಿಂದಿರುಗುವಾಗ ನಾಯಕರು ಕುದುರೆಗಿಂತ ಹೆಚ್ಚು ಬುಸುಗುಟ್ಟುತ್ತಿದ್ದರು. "ಇವಳನ್ನೂ ಸೆರೆಗೆ ಹಾಕಿಸುತ್ತೇನೆ. ಮುಕುಂದರಾಯ ನನ್ನನ್ನು ಒಂದಾದರೂ ಪ್ರಶ್ನೆ ಕೇಳಿದನೇ?"

"ಇಲ್ಲ ಪ್ರಭು. ಹೋದ ವರ್ಷ ಮಗಳನ್ನು ಕೊಡುವ ಮುಂಚೆ ಬೀಗರ ಮನೆ ನೋಡುವ ಶಾಸ್ತ್ರಕ್ಕೆ ಹೋಗಿದ್ದಿರಲ್ಲ, ಏನೇನು ನೋಡಿದಿರಿ?"

"ಬಾವಿಯ ನೀರು ಕುಡಿದು ನೋಡಿದೆ. ಅಡುಗೆಮನೆ ಹೊಕ್ಕು ನೋಡಿದೆ. ಅತ್ತೆಯಾಗುವವಳು ಸಿಟ್ಟಿನಲ್ಲಿ ಹೇಗೆ ಕೂಗುತ್ತಾಳೆಂದು ತಿಳಿಯಲು ಬೇಕೆಂದೇ ತಂಬಿಗೆ ಬೀಳಿಸಿದೆ."

"ಬೀಗರು ಬೇಸರಪಡಲಿಲ್ಲವೇ?"

"ಪಟ್ಟರೆ ಪಡಲಿ. ಮಗಳನ್ನು ಕೊಡುವವನು ನಾನು."

"ಅದೇ ತಿಂಗಳು ಸಂತೆಯಲ್ಲಿ ಕುಂಟು ಕುದುರೆ ಮಾರಿದಿರಿ. ಕೊಂಡವನನ್ನು ಏನು ಕೇಳಿದಿರಿ?"

"ಕೇಳುವುದೇನು? ಕತ್ತಲಾಗುವ ಮೊದಲು ಹೊಡೆದುಕೊಂಡು ಹೋಗು ಅಂದೆ."

"ಬೊಮ್ಮಕ್ಕ ಮಗಳನ್ನು ಕೊಡುವವರ ಹಾಗೆ ಕೇಳಿದಳು, ಪ್ರಭು. ಮುಕುಂದರಾಯ ಕುಂಟು ಕುದುರೆ ಮಾರುವವರ ಹಾಗೆ ಕೊಟ್ಟ."

ಕೋಟೆ ಬಾಗಿಲು ತಲುಪುವಷ್ಟರಲ್ಲಿ ನಾಯಕರು ಬುಸುಗುಟ್ಟುವುದನ್ನು ಬಿಟ್ಟಿದ್ದರು. ಅವರ ಪಾಲಿಗೆ ಅದೇ ದೊಡ್ಡ ತಪಸ್ಸು. ಒಳಗೆ ಕಾಯುತ್ತಿದ್ದ ಮುಕುಂದರಾಯನಿಗೆ ಅಪ್ಪಣೆಯಾಯಿತು: "ಕಾಶಿಗೆ ಹೋಗು. ಆ ಮೂವರು ತಾಯಂದಿರನ್ನು ಕರೆದುಕೊಂಡೇ ಈ ಸೀಮೆಗೆ ಕಾಲಿಡು." ನಡುಗುವ ಮರಿಯನ್ನು ಬೊಮ್ಮಕ್ಕನ ನಾಯಿಯ ಮಡಿಲಿಗೆ ಹಾಕಲು ಕಳಿಸಿದರು. ಜೊತೆಗೆ ಒಂದು ಕರೆ: ಬೊಮ್ಮಕ್ಕ ಅರಮನೆಗೆ ಬಂದು ಮನೆ ನೋಡುವ ಶಾಸ್ತ್ರ ಮುಗಿಸಿಕೊಡಬೇಕು.

ಮರುದಿನ ಅವಳು ಬಂದಳು. ನಾಯಿಮನೆ ನೋಡಿದಳು, ನೆರಳು ನೋಡಿದಳು, ನೀರು ಕುಡಿದಳು. ಕುಡಿದು ನಾಯಕರ ಬೆಳ್ಳಿ ತಂಬಿಗೆಯನ್ನು ಕಲ್ಲಿನ ಮೇಲೆ ಕೈಬಿಟ್ಟಳು.

ತಂಬಿಗೆ ನೆಗ್ಗಿತು. ನಾಯಕರು ಬಾಯಿ ತೆರೆದರು. ನಂಜರಸಯ್ಯ ಕೆಮ್ಮಿದ.

"ಇರಲಿ ಬಿಡಮ್ಮ," ಎಂದರು ನಾಯಕರು, ಬಹಳ ಕಷ್ಟಪಟ್ಟು.

"ದನಿ ಪರವಾಗಿಲ್ಲ," ಎಂದಳು ಬೊಮ್ಮಕ್ಕ. "ಎರಡು ತಿಂಗಳು ತುಂಬಿದ ಮೇಲೆ ಮರಿ ಕೊಡ್ತೀನಿ. ನೋಡ್ಕೊಳ್ಳೋನು ಯಾರು?"

"ಓಬಯ್ಯ."

"ಎಲ್ಲಿ ಅವನು?"

ನಾಯಕರು ಮತ್ತೆ ಆಕಾಶ ನೋಡಿದರು.

"ಅವನೂ ಕಾಶಿಗೆ ಹೋಗಿದ್ದಾನಮ್ಮ," ಎಂದ ನಂಜರಸಯ್ಯ. "ಪ್ರಭುಗಳು ಮನಸ್ಸು ಮಾಡಿದರೆ ಈಗಲೇ ಬಂದಾನು."

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆರೆಮನೆಯ ಬೀಗದ ಕೈ ತರಿಸಿ ನಂಜರಸಯ್ಯನ ಕೈಗೇ ಕೊಟ್ಟರು.