ಮರಳಿನ ಪೆಟ್ಟಿಗೆ

ಮುರಿಗೆಪ್ಪ ಗಂಟು ಕಟ್ಟಿಕೊಂಡು ಬಂದು ನಿಂತಾಗ ಗುರುಗಳು ಹೊಳೆ ದಂಡೆಯಲ್ಲಿ ಬಟ್ಟೆ ಹಿಂಡುತ್ತಿದ್ದರು.

ಗಂಟು ಅಂದರೆ ಮಹಾ ಏನಲ್ಲ, ಎರಡು ಅಂಗಿ, ಒಂದು ಕಂಬಳಿ. ಆದರೂ ಕಟ್ಟಿದ್ದು ಕಟ್ಟಿದ್ದೇ.

“ಎಲ್ಲಿಗೆ ಹೊಂಟೀ ತಮ್ಮಾ?” ಎಂದರು ಗುರುಗಳು. ಹೆಸರು ಅಡವಯ್ಯ. ಆಶ್ರಮದಲ್ಲಿ ಎಲ್ಲರಿಗೂ ಅವರು ಅಜ್ಜಾರು.

“ಊರಿಗ್ರೀ ಅಜ್ಜಾರ. ಈ ಸೇವಾ ನನ್ನಿಂದ ಆಗೂದಿಲ್ಲ.”

ಸೇವೆ ಎಂದರೆ ನೀಲಕಂಠ ಮಾಸ್ತರರನ್ನು ನೋಡಿಕೊಳ್ಳುವುದು. ಲಕ್ವಾ ಹೊಡೆದು ಹಾಸಿಗೆ ಹಿಡಿದ ಮುದುಕ, ಹಿಂದೆಮುಂದೆ ಯಾರೂ ಇಲ್ಲ. ಮುರಿಗೆಪ್ಪ ವೈರಾಗ್ಯ ಕಲಿಯುತ್ತೇನೆಂದು ಆಶ್ರಮಕ್ಕೆ ಬಂದವನು. ಅಜ್ಜಾರು ಅವನ ಕೈಗೆ ಗಂಜಿಯ ಬಟ್ಟಲು ಕೊಟ್ಟು ಮಾಸ್ತರರ ಕೋಣೆ ತೋರಿಸಿದ್ದರು. ಉಪದೇಶ ಅಂತ ಆಗಿದ್ದು ಅಷ್ಟೇ.

“ಯಾಕ ಆಗೂದಿಲ್ಲ?”

“ಭಾರ ಆಗೈತ್ರಿ.”

“ಮಾಸ್ತರು ದಪ್ಪ ಆಗ್ಯಾರೇನು?”

“ಎಲ್ಲೀದ್ರೀ. ಬರೇ ಎಲುಬು ಉಳದಾವ. ಮೊದಲ ಇಬ್ರು ಕೂಡಿ ಎತ್ತತಿದ್ವಿ. ಈಗ ನಾ ಒಬ್ಬನ ಎತ್ತತೀನಿ, ಹುಡುಗನ್ನ ಎತ್ತಿದಂಗ.”

“ಮತ್ತ ಭಾರ ಅಂತೀ.”

ಮುರಿಗೆಪ್ಪ ತಲೆ ತಗ್ಗಿಸಿದ. ಹೇಳಲು ನಾಚಿಕೆ, ಹೇಳದಿದ್ದರೆ ಸಂಕಟ.

“ಮೊದಮೊದಲ ಹಗುರ ಇತ್ರಿ. ಗಂಜಿ ಕುಡಿಸೋದು, ಹಾಸಿಗಿ ಬದಲಿಸೋದು, ಹೊರಗ ಬಂದು ಧ್ಯಾನಕ್ಕ ಕೂಡೋದು. ಈಗ ಅವರು ಉಣ್ಣಲಿಲ್ಲ ಅಂದ್ರ ನನಗ ತುತ್ತು ಇಳಿಯೂದಿಲ್ಲ. ಕಣ್ಣು ಮುಚ್ಚಿದ್ರ ಅವರ ಕೆಮ್ಮ ಕೇಳಸತೈತಿ. ಮೋಹ ಬಿಡಾಕ ಬಂದಾಂವ ನಾನು. ನನ್ನ ಮನಸ್ಸ ಕೆಟ್ಟೈತಿ, ಅಜ್ಜಾರ.”

ಅಜ್ಜಾರು ಬಟ್ಟೆ ಕೊಡವಿ ಕಲ್ಲಿನ ಮೇಲೆ ಹರಡಿದರು. ಗಂಟಿನ ಕಡೆ ನೋಡಲೂ ಇಲ್ಲ.

“ನೀ ಮೊದಲ ಟ್ರ್ಯಾಕ್ಟರ್ ಪಂದ್ಯದಾಗ ಭಾರದ ಬಂಡಿ ಜಗ್ಗತಿದ್ದಿ ಅಲ್ಲ? ಅದು ಎಷ್ಟ ಭಾರ ಆಗತೈತಿ?”

ಇದೇನಪ್ಪಾ, ನಾನು ಹೊರಟು ನಿಂತರೆ ಇವರಿಗೆ ಪಂದ್ಯದ ಚಿಂತೆ ಎನ್ನಿಸಿತು ಮುರಿಗೆಪ್ಪನಿಗೆ. ಆದರೆ ಟ್ರ್ಯಾಕ್ಟರ್ ಮಾತು ಬಂದರೆ ಸುಮ್ಮನಿರುವ ಆಸಾಮಿಯಲ್ಲ ಅವನು. ಗಂಟು ಕೆಳಗಿಟ್ಟ. ಕಡ್ಡಿ ಹಿಡಿದು ಮರಳಿನಲ್ಲಿ ಬಂಡಿಯ ಚಿತ್ರ ಬರೆದ.

“ನೋಡ್ರಿ, ಹಿಂದ ಗಾಲಿ. ಮುಂದ ಗಾಲಿ ಇಲ್ಲ, ನೆಲಕ್ಕ ತಿಕ್ಕೋ ಕಬ್ಬಿಣದ ತಗಡು. ಮ್ಯಾಲೆ ಮರಳ ತುಂಬಿದ ಪೆಟಗಿ. ಶುರುವಿಗೆ ಪೆಟಗಿ ಹಿಂದ, ಗಾಲಿ ಮ್ಯಾಲೆ ಇರತೈತಿ. ಆಗ ಯಾರ ಜಗ್ಗಿದ್ರೂ ಬಂಡಿ ಬರತೈತಿ. ಬಂಡಿ ಸಾಗಿದಂಗ ಒಂದು ಸರಪಳಿ ಆ ಪೆಟಗಿನ ಮುಂದಕ್ಕ ತರತೈತಿ. ತಗಡು ನೆಲಾ ಕಚ್ಚತೈತಿ. ಕಡೀಕ ಟ್ರ್ಯಾಕ್ಟರ್ ಮೂತಿ ಎತ್ತಿ ನಿಂದರತೈತ್ರಿ.”

“ನಡುವ ಯಾರರ ಮರಳ ಸುರೀತಾರೇನು?”

“ಇಲ್ರಿ. ಒಂದ ಹಿಡಿನೂ ಇಲ್ಲ.”

“ಮತ್ತ ಭಾರ ಹೆಂಗ ಆತು?”

“ಹತ್ರ ಬಂತಲ್ರೀ ಅಜ್ಜಾರ.”

“ನೀ ಮೊದಲನೇ ಸಲ ಜಗ್ಗಿದಾಗ ಏನಾತು?”

ಮುರಿಗೆಪ್ಪನಿಗೆ ನಗು ಬಂತು. “ಮರ್ಯಾದಿ ಹೋತ್ರಿ. ಅರ್ಧ ದಾರಿಗೆ ಇಂಜಿನ್ ನರಳಾಕ ಹತ್ತಿತು. ಕೆಟ್ಟಿತು ಅಂತ ತಿಳದು ಎಕ್ಸಲೇಟರ್ ಮ್ಯಾಲಿಂದ ಕಾಲ ತಗದಬಿಟ್ಟೆ. ಬಂಡಿ ನಿಂತಿತು. ಒಮ್ಮೆ ನಿಂತ್ರ ಮುಗೀತ್ರಿ, ಇಷ್ಟ ದೂರ ಬಂದ ಅಂತ ಅಲ್ಲೇ ಗೆರಿ ಹಾಕತಾರ.”

“ಇಂಜಿನ್ ಕೆಟ್ಟಿತ್ತೇನು?”

“ಎಲ್ಲೀದು. ಚಲೋನ ಇತ್ತು.”

ಅಜ್ಜಾರು ಹರಿಯುವ ನೀರನ್ನು ನೋಡುತ್ತಾ ಕೂತರು.

ಅಷ್ಟರಲ್ಲಿ ಕೋಣೆಯಿಂದ ಕೆಮ್ಮು ಕೇಳಿಸಿತು. ನಿಲ್ಲುತ್ತದೆ ಎಂದುಕೊಂಡರೆ ನಿಲ್ಲಲಿಲ್ಲ. ಮುರಿಗೆಪ್ಪ ಅಜ್ಜಾರ ಮುಖ ನೋಡಿದ. ಅವರು ಕದಲಲಿಲ್ಲ. ಕಡ್ಡಿ ಬಿಸಾಕಿ ಓಡಿದ. ಗಂಟು ಅಲ್ಲೇ ಉಳಿಯಿತು.

ಮಾಸ್ತರರು ಹಾಸಿಗೆಯಿಂದ ಅರ್ಧ ಜಾರಿದ್ದರು. ಅವನು ಎತ್ತಿ ಎದೆಗೆ ಒರಗಿಸಿಕೊಂಡು ಬೆನ್ನು ಸವರಿದ. ಕೆಮ್ಮು ನಿಧಾನಕ್ಕೆ ಇಳಿಯಿತು. ಮುದುಕನ ನೆಟ್ಟಗಿದ್ದ ಒಂದೇ ಕೈ ಅವನ ಅಂಗಿಯ ಚುಂಗು ಹಿಡಿದುಕೊಂಡಿತು.

“ಹೋದಿ ಅಂತ ಮಾಡಿದ್ದೆ,” ಎಂದರು ಮಾಸ್ತರರು, ತೊದಲುತ್ತಾ.

ಮುರಿಗೆಪ್ಪನಿಗೆ ಅಳು ಬಂತು. ಈ ಜೀವ ಒಂದು ದಿನ ತನ್ನ ಕೈಯಲ್ಲೇ ಹೋಗುತ್ತದೆ, ಆಗ ತಾನು ತಡೆದುಕೊಳ್ಳಲಾರೆ. ಗಂಟು ಕಟ್ಟಿಸಿದ್ದು ವೈರಾಗ್ಯವಲ್ಲ, ಆ ಹೆದರಿಕೆ.

ಅಜ್ಜಾರು ಗಂಟು ಹಿಡಿದುಕೊಂಡು ಒಳಗೆ ಬಂದರು. ನೆಲದ ಮೇಲೆ ಕೂತು ಬಿಚ್ಚಿದರು. ಕಂಬಳಿ ತೆಗೆದು ಮಾಸ್ತರರಿಗೆ ಹೊದಿಸಿದರು.

“ಅಜ್ಜಾರ,” ಎಂದ ಮುರಿಗೆಪ್ಪ, “ಇನ್ನೂ ಭಾರ ಆಗತೈತೇನ್ರಿ?”

“ಆಗತೈತಿ,” ಎಂದರು ಅಜ್ಜಾರು. “ಕಾಲ ತಗೀಬ್ಯಾಡ.”